ನಾಯಿ ಕಚ್ಚಿದ ಕೋಳಿಯ ರೆಕ್ಕೆ ಎತ್ತಿ ನೋಡಿ

ಹಿತ್ತಲಲ್ಲಿ ನಾಲ್ಕೈದು ನಾಟಿ ಕೋಳಿ ಸಾಕಿಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಪ್ಪಿನಿಂದ ಒಂದು ಕೋಳಿ ಸತ್ತಿತು. ಸಾಯಬೇಕಾದ ಕೋಳಿ ಅಲ್ಲ ಅದು.

ಮೈಸೂರಿನ ಹೊರಗೆ ನಮ್ಮ ಮನೆ. ಕಳೆದ ಮಳೆಗಾಲದ ಒಂದು ಸಂಜೆ ಬೀದಿನಾಯಿಯೊಂದು ಕಾಂಪೌಂಡ್ ಹಾರಿ ಬಂತು. ಕೂಗು ಕೇಳಿ ನಾನು ಓಡುವಷ್ಟರಲ್ಲಿ ಎರಡು ಹೇಂಟೆಗಳಿಗೆ ಬಾಯಿ ಹಾಕಿಯಾಗಿತ್ತು. ಕೆಂಪಿಯ ಬೆನ್ನಿನ ಚರ್ಮ ಅಂಗೈ ಅಗಲ ಕಿತ್ತುಹೋಗಿ ಮಾಂಸ ಕಾಣುತ್ತಿತ್ತು. ಚುಕ್ಕಿಗೆ ನಾಲ್ಕು ಗರಿ ಉದುರಿತ್ತು, ಅಷ್ಟೇ. ತಾನೇ ನಡೆದು ಗೂಡಿಗೆ ಹೋಯಿತು. ಹಾಕಿದ ರಾಗಿಯನ್ನೂ ಕುಟುಕಿತು.

"ಕೆಂಪಿ ಉಳಿಯಲ್ಲ, ಇವತ್ತೇ ಕುಯ್ದುಬಿಡಿ" ಅಂದರು ಪಕ್ಕದ ಮನೆಯವರು. ನನಗೆ ಮನಸ್ಸು ಬರಲಿಲ್ಲ. ಕಾಯಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಗಾಯ ತೊಳೆದೆ. ಅತ್ತೆ ಹೇಳಿದರು ಅಂತ ಅರಿಶಿನದ ಪುಡಿ ಮೆತ್ತಿದೆ. ರಟ್ಟಿನ ಡಬ್ಬದಲ್ಲಿ ಹಳೇ ಸೀರೆ ಹಾಸಿ ಒಳಗೆ ಮಲಗಿಸಿ, ಮೇಲೆ ಸೊಳ್ಳೆ ಪರದೆ ಮುಚ್ಚಿದೆ. ಗಮನವೆಲ್ಲ ಕೆಂಪಿಯ ಮೇಲೆ. ಚುಕ್ಕಿಯನ್ನು ಕೈಗೆತ್ತಿಕೊಂಡು ಸಹ ನೋಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಚುಕ್ಕಿ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತಿತ್ತು. ಜುಟ್ಟು ಕಪ್ಪಿಟ್ಟಿತ್ತು. ಎತ್ತಿಕೊಂಡಾಗ ಕೊಳೆತ ವಾಸನೆ. ರೆಕ್ಕೆ ಎತ್ತಿ ಗರಿ ಬಿಡಿಸಿ ನೋಡಿದರೆ ಕಡಲೆಕಾಳಿನಷ್ಟು ಎರಡು ತೂತು, ಒಳಗೆ ಬಿಳಿ ಹುಳ ಮಿಜಿಮಿಜಿ ಎನ್ನುತ್ತಿದ್ದವು. ತಕ್ಷಣ ಪಶು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಸುತ್ತಲಿನ ಗರಿ ಕತ್ತರಿಸಿ, ಸಿರಿಂಜ್‌ನಿಂದ ಸಲೈನ್ (ಉಪ್ಪುನೀರು) ಹಾಯಿಸಿ ಒಂದೊಂದೇ ಹುಳ ತೆಗೆದರು. ರಾತ್ರಿ ಹೊತ್ತಿಗೆ ಚುಕ್ಕಿ ಹೋಗಿಬಿಟ್ಟಿತು.

ಅವತ್ತು ಡಾಕ್ಟರು ಹೇಳಿದ್ದನ್ನು ಮರೆಯೋಕೆ ಆಗಲ್ಲ. ಕೋಳಿಯ ಬೆನ್ನಿನ ದೊಡ್ಡ ಗಾಯ ನೋಡೋಕೆ ಭಯಂಕರ, ಆದರೆ ತೆರೆದಿರುವುದರಿಂದ ತೊಳೆಯಬಹುದು, ಎಷ್ಟೋ ಸಲ ಹೊಲಿಗೆ ಇಲ್ಲದೆಯೂ ಮಾಯುತ್ತದೆ. ಹಲ್ಲು ಇಳಿದ ಸಣ್ಣ ತೂತೇ ಅಪಾಯ. ನಾಯಿ ಬಾಯಿಯ ಕ್ರಿಮಿ ಆಳಕ್ಕೆ ಹೋಗುತ್ತದೆ, ಮೇಲೆ ಮುಚ್ಚಿಕೊಂಡು ಒಳಗೆ ಕೀವಾಗುತ್ತದೆ. ಇದಕ್ಕೆ ಆ್ಯಂಟಿಬಯೋಟಿಕ್ ಬೇಕು, ಅದೂ ಅದೇ ದಿನ. ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ. ಕೋಳಿ ನೋವು ತೋರಿಸುವ ಪ್ರಾಣಿಯಲ್ಲ, ಮೇವು ತಿಂತು ಅಂತ ನಂಬಬೇಡಿ.

ಅರಿಶಿನಕ್ಕೂ ಬೈಸಿಕೊಂಡೆ. ಪುಡಿ ಹೆಪ್ಪುಗಟ್ಟಿ ಕೆಳಗೆ ಕೊಳೆ ಉಳಿಯುತ್ತದೆ, ಗಾಯ ಹೇಗಿದೆ ಅಂತ ಕಾಣುವುದೂ ಇಲ್ಲ. ಕೆಂಪಿಯ ಬೆನ್ನಿನಿಂದ ಅದನ್ನು ನೆನೆಸಿ ಬಿಡಿಸೋಕೆ ಅರ್ಧ ಗಂಟೆ ಹಿಡಿಯಿತು. ಪಾಪ, ಕಣ್ಣು ಮುಚ್ಚಿಕೊಂಡು ಕೂತಿತ್ತು. ಸೀಮೆಎಣ್ಣೆ, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ, ಹೊಸದಾಗಿ ಬರುವ ಮಾಂಸವನ್ನು ಸುಡುತ್ತವೆ. ಗಾಯ ತೊಳೆಯೋಕೆ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಮಟ್ಟಸವಾಗಿ ಸುಮಾರು ಒಂದೂವರೆ ಟೀ ಚಮಚ. ಪೋವಿಡೋನ್ ಅಯೋಡಿನ್ (ಗಾಯಕ್ಕೆ ಹಾಕುವ ಕಂದು ಬಣ್ಣದ ಔಷಧಿ) ಆದರೆ ಹಾಲು ಹಾಕದ ಟೀ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ. ಗರಿಗೆ ನಾಯಿಯ ಜೊಲ್ಲು ಅಂಟಿರುತ್ತದೆ, ಗ್ಲೌಸ್ ಹಾಕಿಕೊಂಡೇ ಮುಟ್ಟಿ.

ನಿತ್ರಾಣವಾದ ಕೋಳಿಯ ಕೊಕ್ಕು ಬಿಡಿಸಿ ನೀರು ಹುಯ್ಯಬೇಡಿ, ಶ್ವಾಸನಾಳಕ್ಕೆ ಹೋದರೆ ಅಲ್ಲೇ ಮುಗಿಯಿತು. ಬೇರೆ ಕೋಳಿಗಳ ಜೊತೆಗೂ ಬಿಡಬೇಡಿ, ರಕ್ತ ಕಂಡರೆ ಕುಕ್ಕಿ ಕುಕ್ಕಿ ಗಾಯ ದೊಡ್ಡದು ಮಾಡುತ್ತವೆ. ಮನುಷ್ಯರಿಗೆ ಬರೆದುಕೊಟ್ಟ ಮಾತ್ರೆಯನ್ನು ಅಂದಾಜಿನ ಮೇಲೆ ಕೋಳಿಗೆ ಕೊಡುವುದೂ ತಪ್ಪು. ಔಷಧಿ ನಡೆಯುವಾಗ ಮೊಟ್ಟೆ ತಿನ್ನಬಾರದು, ನಿಲ್ಲಿಸಿದ ಮೇಲೂ ಎಷ್ಟು ದಿನ ಬಿಡಬೇಕು ಅಂತ ಡಾಕ್ಟರನ್ನೇ ಕೇಳಿ. ಹತ್ತಿರ ಪಶು ಆಸ್ಪತ್ರೆ ಇಲ್ಲದಿದ್ದರೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ವಿಚಾರಿಸಿ.

ಕೆಂಪಿಗೆ ಈಗ ಬೆನ್ನ ತುಂಬ ಹೊಸ ಗರಿ. ಸಂಜೆ ಗೂಡು ಮುಚ್ಚುವಾಗ ಎಲ್ಲ ಕೋಳಿಗಳನ್ನೂ ಒಂದೊಂದಾಗಿ ಹಿಡಿದು ರೆಕ್ಕೆಯಡಿ ಬೆರಳಾಡಿಸಿ ನೋಡುತ್ತೇನೆ.