ಹಳೆ ಮನೆ ದುರಸ್ತಿಗೆ ಕೊಟ್ಟ ಕಂಪನಿ ಜೊತೆ 11 ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಹಾಕುತ್ತಿಲ್ಲ. ಹೊಗಳಿಕೆ ಜೊತೆ ಎರಡು ದೂರೂ ಇವೆ, ಅದರಲ್ಲಿ ಒಂದು ಇನ್ನೂ ಬಗೆಹರಿದಿಲ್ಲ. ಹಳೆ ಕಟ್ಟಡ ಇಟ್ಟುಕೊಂಡು ಯಾರ ಕೈಗೆ ಕೊಡೋದಪ್ಪಾ ಅಂತ ತಲೆ ಕೆಡಿಸಿಕೊಂಡಿರುವವರಿಗೆ, ಹೆಸರಿಗಿಂತ ಕೆಲಸ ಹೇಗೆ ನಡೆಯಿತು ಅನ್ನೋದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿದ್ದೇನೆ.

ನಮ್ಮದು ನೂರು ವರ್ಷ ದಾಟಿದ ಎರಡಂತಸ್ತಿನ ಮನೆ. ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮರದ ತೊಲೆ, ಮುಂಬಾಗಿಲ ಸುತ್ತ ಒಂದಷ್ಟು ಕೆತ್ತನೆ ಕಲ್ಲು. ಕೆಲವು ವರ್ಷಗಳ ಹಿಂದೆ ಕೆಳಗಿನ ಗೋಡೆಯಲ್ಲಿ ತೇವ ಕಂಡಾಗ ನಾವೇ ಯಾರನ್ನೋ ಕರೆದು ಸೊಂಟದೆತ್ತರಕ್ಕೆ ಸಿಮೆಂಟ್ ಮೆತ್ತಿಸಿದ್ದೆವು. ಒಂದೆರಡು ವರ್ಷ ಚೆನ್ನಾಗಿಯೇ ಕಂಡಿತು. ಆಮೇಲೆ ಸಿಮೆಂಟ್ ಪಟ್ಟಿಯ ಮೇಲ್ಗಡೆ ಉಪ್ಪು ಹೂವಿನ ಹಾಗೆ ಅರಳಿತು, ಗಿಲಾವು ಹೊಪ್ಪಳೆಯಾಗಿ ಎದ್ದಿತು, ಒಳಗಿನ ಇಟ್ಟಿಗೆ ಬೆರಳಲ್ಲಿ ಕೆರೆದರೆ ಪುಡಿಯಾಗಿ ಉದುರುವ ಸ್ಥಿತಿಗೆ ಬಂತು.

ಮೂರು ಕಡೆ ಕೇಳಿದೆ. ಇಬ್ಬರು ಬಂದು, ನೋಡಿ, ಹತ್ತು ನಿಮಿಷದಲ್ಲಿ ಉತ್ತರ ಕೊಟ್ಟರು: ಎಲ್ಲಾ ಕೆತ್ತಿ ಹಾಕಿ, ನೀರು ಹಿಡಿಯದ ಸಿಮೆಂಟ್ ಹಾಕೋಣ, ಎರಡು ತಿಂಗಳಲ್ಲಿ ಮುಗಿಸಿಕೊಡುತ್ತೇವೆ. ಮೂರನೆಯವರು ಒಬ್ಬರಲ್ಲ, ನಾಲ್ಕು ಜನ ಬಂದರು. ಒಬ್ಬ ಎಂಜಿನಿಯರ್, ಒಬ್ಬ ಗಾರೆ ಮೇಸ್ತ್ರಿ, ಒಬ್ಬ ಬಡಗಿ, ಮತ್ತೆ ಇಡೀ ಮನೆಯನ್ನು ಅಳೆದು, ಫೋಟೋ ತೆಗೆದು, ನಕ್ಷೆ ಬರೆಯುವ ಒಬ್ಬ ಹುಡುಗಿ. ಬಂದವರು ನನಗೆ ಏನೂ ಹೇಳಲಿಲ್ಲ. ನನ್ನ ಎದುರಿಗೇ ಒಬ್ಬರಿಗೊಬ್ಬರು ಜಗಳ ಶುರು ಮಾಡಿದರು.

ನಿಜವಾಗಲೂ. ಬಡಗಿ ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿದ, ಅದು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ತೊಲೆ ತುದಿ ಕೊಳೆತಿದೆ, ಮೊದಲು ಇದು ಅಂದ. ಮೇಸ್ತ್ರಿ ಒಪ್ಪಲಿಲ್ಲ. ಗೋಡೆ ಒದ್ದೆ ಇರುವಾಗ ಹೊಸ ಮರ ಕೂರಿಸಿದರೆ ಅದೂ ಕೊಳೆಯುತ್ತೆ, ಮೊದಲು ನನ್ನ ಗೋಡೆ ಒಣಗಬೇಕು ಅಂದ. ಗೋಡೆ ಒಣಗುವವರೆಗೆ ಮೇಲಿನ ಅಂತಸ್ತನ್ನು ಹೊರುವವರು ಯಾರು ಅಂತ ಎಂಜಿನಿಯರ್ ಕೇಳಿದರು. ಕೊನೆಗೆ ತೀರ್ಮಾನವಾಗಿದ್ದು ಹೀಗೆ: ಮೊದಲು ತೊಲೆಗಳಿಗೆ ಊರೆ ಕೊಡುವುದು, ಆಮೇಲೆ ಸಿಮೆಂಟ್ ಬಿಡಿಸುವುದು, ಗೋಡೆ ಒಣಗಲು ಬಿಡುವುದು, ಆಮೇಲೆ ಮರ, ಆಮೇಲೆ ಗಾರೆ. ಅರ್ಧ ಗಂಟೆಯಲ್ಲಿ ಇಡೀ ಕೆಲಸದ ಸರದಿ ನನ್ನ ಕಣ್ಣೆದುರೇ ತಯಾರಾಯಿತು. ಅವತ್ತೇ ಇವರಿಗೇ ಕೊಡೋಣ ಅಂತ ಮನಸ್ಸು ಮಾಡಿಬಿಟ್ಟೆ.

ಸಿಮೆಂಟ್ ಯಾಕೆ ಬೇಡ ಅನ್ನುವುದನ್ನು ಮೇಸ್ತ್ರಿ ಚೆನ್ನಾಗಿ ತಿಳಿಸಿದ. ಹಳೆ ಗೋಡೆ ನೆಲದಿಂದ ಸ್ವಲ್ಪ ನೀರು ಹೀರುವುದು ಸಹಜ. ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚುತ್ತದೆ. ನೀರು ಮೇಲಕ್ಕೆ ಹತ್ತುತ್ತದೆ, ಜೊತೆಗೆ ಬಂದ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಅದನ್ನು ಒಳಗಿಂದಲೇ ಒಡೆಯುತ್ತದೆ. ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕಂತೆ. ಹಾಳಾಗುವುದಾದರೆ ಗಾರೆ ಹಾಳಾಗಲಿ, ಅದನ್ನು ಮತ್ತೆ ಹಾಕಬಹುದು, ಇಟ್ಟಿಗೆ ಹೋದರೆ ಹೋದ ಹಾಗೇ. ನಾವು ಇಷ್ಟು ವರ್ಷ ಗಟ್ಟಿ ಇದ್ದರೆ ಒಳ್ಳೆಯದು ಅಂತಲೇ ನಂಬಿಕೊಂಡಿದ್ದೆವು ಅಲ್ವಾ!

ಇನ್ನು ಸುಣ್ಣದ ಸ್ವಭಾವ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಮತ್ತೆ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಆ ನಿಧಾನವೇ ಎಲ್ಲರಿಗೂ ತಲೆನೋವು. ಬಿಸಿಲು ನೇರ ಬೀಳಬಾರದು, ಬೇಗ ಒಣಗಬಾರದು, ತೇವ ಇರಬೇಕು, ಗಾಳಿಯೂ ಆಡಬೇಕು. ಒಬ್ಬ ಆತುರ ಮಾಡಿದರೆ ಮೂರು ಜನರ ಕೆಲಸ ಹಾಳು.

ಇಂಥ ಕಡೆ ಒಗ್ಗಟ್ಟಿನ ಕೆಲಸ ಅಂದರೆ ಒಟ್ಟಿಗೆ ದುಡಿಯುವುದಕ್ಕಿಂತ ಹೆಚ್ಚಾಗಿ ಒಬ್ಬರಿಗಾಗಿ ಒಬ್ಬರು ಕಾಯುವುದು. ಅದನ್ನು ಇವರು ತುಂಬಾ ಚೆನ್ನಾಗಿ ಮಾಡಿದರು. ಪ್ರತಿ ಗೋಡೆಗೂ ಒಂದು ಚೀಟಿ ಅಂಟಿಸಿದ್ದರು: ಎಷ್ಟನೇ ಪದರ, ಯಾವ ದಿನ ಹಾಕಿದ್ದು, ಯಾವ ದಿನದವರೆಗೆ ಮುಟ್ಟಬಾರದು, ಹಾಕಿದವರ ಸಹಿ. ಒದ್ದೆ ಗೋಣಿ ಹೊದಿಸಿ ನೀರು ಚಿಮುಕಿಸುವುದಕ್ಕೆ ರಜಾ ದಿನವೂ ಒಬ್ಬರ ಪಾಳಿ. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಕಾಲು ಗಂಟೆ ಎಲ್ಲರೂ ನಿಂತು ಮಾತಾಡುತ್ತಿದ್ದರು. ಮೊದಲ ವಾರ ನನಗೆ ಇದು ಸುಮ್ನೆ ಟೈಂ ಪಾಸ್ ಅನ್ನಿಸಿತ್ತು, ಆಮೇಲೆ ನಾನೇ ಹೋಗಿ ಮೂಲೆಯಲ್ಲಿ ನಿಂತು ಕೇಳತೊಡಗಿದೆ.

ಗಾರೆಯ ಹದ ಕಂಡುಹಿಡಿದ ರೀತಿಯಂತೂ ಬಹಳ ಇಷ್ಟವಾಯಿತು. ಹಳೆ ಗಾರೆಯ ಒಂದು ತುಂಡನ್ನು ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದರು. ಸುಣ್ಣ ನೊರೆನೊರೆಯಾಗಿ ಕರಗಿ, ತಳದಲ್ಲಿ ನೂರು ವರ್ಷದ ಹಿಂದಿನ ಮರಳು ಉಳಿಯಿತು. ಅದನ್ನು ತೊಳೆದು, ಒಣಗಿಸಿ, ಜರಡಿ ಹಿಡಿದು, ಅದರ ಬಣ್ಣಕ್ಕೂ ಕಾಳಿನ ಗಾತ್ರಕ್ಕೂ ಹೊಂದುವ ಮರಳು ಹುಡುಕಿದರು. ಮರಳಿನಲ್ಲೇ ಸುಣ್ಣದ ಕಲ್ಲಿನ ಪುಡಿಯೋ ಚಿಪ್ಪಿನ ಚೂರೋ ಇದ್ದರೆ ಅದೂ ಕರಗಿ ಲೆಕ್ಕ ತಪ್ಪುತ್ತದೆ ಅಂತ, ಇನ್ನೊಂದು ತುಂಡನ್ನು ಭೂತಗನ್ನಡಿಯಲ್ಲಿ ನೋಡಿ ಖಚಿತ ಮಾಡಿಕೊಂಡರು. ಆಮೇಲೆ ಹಿಂದಿನ ಗೋಡೆಯಲ್ಲಿ ಮೂರು ಬಗೆಯ ಹದದಲ್ಲಿ ಮೂರು ಚೌಕ ಹಚ್ಚಿ ವಾರಗಟ್ಟಲೆ ಬಿಟ್ಟರು. ಒಂದು ಬಿರುಕು ಬಿಟ್ಟಿತು. ಒಂದು ಉಜ್ಜಿದರೆ ಉದುರಿತು. ಉಳಿದದ್ದೇ ನಮ್ಮ ಮನೆಯ ಗಾರೆ.

ಬಾಗಿಲ ಸುತ್ತಿನ ಕಲ್ಲು ಸೀಳಿದ್ದಕ್ಕೆ ಕಾರಣ ಹೊರಗಿನಿಂದ ಕಾಣುತ್ತಿರಲಿಲ್ಲ. ಒಳಗೆ ಎರಡು ಕಲ್ಲನ್ನು ಹಿಡಿದಿಟ್ಟ ಕಬ್ಬಿಣದ ಕೊಂಡಿ ಇತ್ತು. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ, ಊದಿಕೊಂಡು ಕಲ್ಲನ್ನು ಸೀಳುತ್ತದೆ. ಗ್ರೀಸ್‌ನ ಅಥೆನ್ಸ್‌ನಲ್ಲಿ ಪ್ರಾಚೀನ ದೇಗುಲಗಳಿರುವ ಆಕ್ರೊಪೊಲಿಸ್ ಗುಡ್ಡದಲ್ಲೂ ಆದದ್ದು ಇದೇ ಅಂತ ಎಂಜಿನಿಯರ್ ಹೇಳಿದರು. ಪ್ರಾಚೀನ ಗ್ರೀಕರು ಕಬ್ಬಿಣದ ಕೊಂಡಿಯ ಸುತ್ತ ಸೀಸ ಎರೆದು ಕಾಪಾಡಿದ್ದರು. 20ನೇ ಶತಮಾನದ ಆರಂಭದಲ್ಲಿ ದುರಸ್ತಿ ಮಾಡಿದವರು ಆ ಎಚ್ಚರ ವಹಿಸದೆ ಕಬ್ಬಿಣ ಬಳಸಿದರು, ಅದು ತುಕ್ಕು ಹಿಡಿದು ಅಮೃತಶಿಲೆಯನ್ನೇ ಒಡೆಯಿತು. ಈಗ ಅವನ್ನೆಲ್ಲ ತೆಗೆದು ಟೈಟಾನಿಯಂ ಹಾಕುತ್ತಿದ್ದಾರೆ. ನಮಗೆ ಅಷ್ಟು ಯೋಗ ಇಲ್ಲ, ಸ್ಟೇನ್‌ಲೆಸ್ ಸ್ಟೀಲ್ ಬಂತು.

ಈಗ ಗೋಡೆಯಲ್ಲಿ ಸಿಕ್ಕ ಒಂದು ಚಿತ್ರದ ಪಟ್ಟಿಯ ಕತೆ. ಒಳಗಿನ ಕೋಣೆಯಲ್ಲಿ ಹಳೆ ಬಣ್ಣ ಕೆರೆಯುತ್ತಿದ್ದ ಹುಡುಗ ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಕೆಳಗಿನ ಪದರದಲ್ಲಿ ಏನೋ ಹಸಿರು ಕಂಡಿತಂತೆ, ಕೈ ನಿಲ್ಲಿಸಿ ಕೂಗಿದ. ಮೇಸ್ತ್ರಿ ಬಂದ, ನಕ್ಷೆ ಬರೆಯುವ ಹುಡುಗಿ ಬಂದಳು, ಆ ಕೋಣೆಯ ಕೆಲಸ ಎರಡು ದಿನ ಬಂದ್. ಗೋಡೆಯ ಉದ್ದಕ್ಕೂ ಒಂದು ಹೂಬಳ್ಳಿಯ ಪಟ್ಟಿ ಇತ್ತು. ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದವರಿಗೂ ಗೊತ್ತಿರಲಿಲ್ಲ. ಬೇರೆ ಕಡೆ ಆಗಿದ್ದರೆ ಆ ಹುಡುಗ ಬೈಸಿಕೊಳ್ಳುವ ಭಯಕ್ಕೆ ಸುಮ್ಮನೆ ಕೆರೆದುಹಾಕಿರುತ್ತಿದ್ದ. ಇಲ್ಲಿ ಯಾರು ಬೇಕಾದರೂ ನಿಲ್ಲಿಸಿ ಅನ್ನಬಹುದು, ಅನುಮಾನ ಸುಳ್ಳಾದರೂ ಬೈಗುಳ ಇಲ್ಲ.

ಪಟ್ಟಿಯ ಮೂರನೇ ಒಂದು ಭಾಗ ಉದುರಿಹೋಗಿತ್ತು. ಉದುರಿದ್ದನ್ನೂ ಬರೆದು ಪೂರ್ತಿ ಮಾಡಿ ಅಂದೆ. ಆಗಲ್ಲ ಅಂದರು. ಆ ಭಾಗದಲ್ಲಿ ಬಳ್ಳಿ ಹೇಗಿತ್ತು ಅಂತ ನಮಗೆ ಗೊತ್ತಿಲ್ಲ, ಊಹೆ ಶುರುವಾಗುವ ಕಡೆ ದುರಸ್ತಿ ನಿಲ್ಲಬೇಕು ಅನ್ನುವುದು ನಿಯಮ ಅಂದರು. ಹಳೆ ಸ್ಮಾರಕಗಳ ದುರಸ್ತಿಗೆ ಬೇರೆ ಬೇರೆ ದೇಶದ ತಜ್ಞರು ಸೇರಿ ಮಾಡಿಕೊಂಡ 1964ರ ವೆನಿಸ್ ಸನ್ನದಿನಲ್ಲಿ ಇದು ಇದೆ. ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಿಕೊಳ್ಳಬೇಕು, ಆದರೆ ಹಳೆಯದೇ ಅನ್ನುವ ಮೋಸ ಆಗಬಾರದು ಅಂತಲೂ ಇದೆ. ನಾನು ಮನೆ ನನ್ನದು, ದುಡ್ಡು ನನ್ನದು ಅಂತ ಜೋರು ಮಾಡಿದೆ. ಅವರು ಜಗ್ಗಲಿಲ್ಲ. ಖಾಲಿ ಜಾಗಕ್ಕೆ ಮಂಕು ಬಣ್ಣ ಹಚ್ಚಿ ಬಿಟ್ಟರು. ಮನೆಯವರು ಈಗಲೂ ಅದನ್ನು ಅರೆಬರೆ ಕೆಲಸ ಅನ್ನುತ್ತಾರೆ. ನನಗೆ ನೋಡ್ತಾ ನೋಡ್ತಾ ಒಗ್ಗಿಹೋಗಿದೆ.

ದೂರಿಗೆ ಬರೋಣ. 7 ತಿಂಗಳು ಅಂದಿದ್ದ ಕೆಲಸ 11 ತಿಂಗಳು ಹಿಡಿಯಿತು. ಅದರಲ್ಲಿ ಐದು ವಾರ ಒಂದೇ ಮಧ್ಯಾಹ್ನದ ತಪ್ಪಿಗೆ ಹೋಯಿತು. ವೈರಿಂಗ್ ಕೆಲಸವನ್ನು ಇವರು ಹೊರಗಿನವರಿಗೆ ಕೊಟ್ಟಿದ್ದರು. ಆ ಜನ ಬೆಳಗಿನ ಮಾತುಕತೆಗೆ ಬರುತ್ತಿರಲಿಲ್ಲ. ಗೋಣಿ ಹೊದಿಸಿದ ಗೋಡೆಯ ಚೀಟಿ ಗೋಣಿಯ ಹಿಂದೆ ಸೇರಿಕೊಂಡಿತ್ತು. ಗಾರೆ ಹಾಕಿ ಒಂಬತ್ತು ದಿನವಾಗಿದ್ದ ಗೋಡೆಗೆ ಎಲೆಕ್ಟ್ರಿಷಿಯನ್ ಗ್ರೈಂಡರ್ ಇಟ್ಟ. ಅರ್ಧ ಗೋಡೆಯ ಗಾರೆ ಹಪ್ಪಳದ ಹಾಗೆ ಎದ್ದು ಬಂತು. ಮೇಸ್ತ್ರಿ ನೆಲದ ಮೇಲೆ ಕೂತುಬಿಟ್ಟ, ನನಗೆ ಅವನನ್ನು ನೋಡಿ ಹೊಟ್ಟೆ ಚುರುಕ್ಕೆಂದಿತು.

ಆದರೆ ಮೇಲ್ವಿಚಾರಕ ಎಲೆಕ್ಟ್ರಿಷಿಯನ್ ಮೇಲೆ ಹಾರಾಡಲಿಲ್ಲ. ಇವರನ್ನು ಬೆಳಗಿನ ಮಾತಿಗೆ ಕರೆಯದೆ ಇದ್ದದ್ದು ಯಾರು ಅಂತ ಕೇಳಿದ, ಮರುಕ್ಷಣ ನಾನೇ ಅಂದ. ಮಾರನೇ ದಿನದಿಂದ ಎಲೆಕ್ಟ್ರಿಷಿಯನ್‌ಗಳೂ ಸಾಲಿನಲ್ಲಿ ನಿಂತರು, ಚೀಟಿಗಳು ಗೋಣಿಯ ಮೇಲೆ ಬಂದವು. ಗೋಡೆಯನ್ನು ತಮ್ಮ ಖರ್ಚಿನಲ್ಲೇ ಮತ್ತೆ ಮಾಡಿದರು. ಇದಕ್ಕೆ ಪೂರ್ತಿ ಅಂಕ.

ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ತಮ್ಮತಮ್ಮೊಳಗೆ ಇಷ್ಟು ಚೆನ್ನಾಗಿ ಮಾತಾಡುವ ಜನ ಮನೆ ಯಜಮಾನನನ್ನು ಮರೆತುಬಿಡುತ್ತಾರೆ. ಐದು ವಾರ ಹಿಂದೆ ಬಿದ್ದಿದ್ದೇವೆ ಅನ್ನುವುದು ಗಾರೆ ಕಲಸುವ ಹುಡುಗನಿಗೂ ಗೊತ್ತಿತ್ತು, ನನಗೆ ಗೊತ್ತಾದದ್ದು ಮೂರು ವಾರದ ಮೇಲೆ. ಅಷ್ಟರಲ್ಲಿ ನಾವು ಬಾಡಿಗೆ ಮನೆ ಖಾಲಿ ಮಾಡುತ್ತೇವೆ ಅಂತ ಹೇಳಿಯಾಗಿತ್ತು. ಮೂಲೆಯಲ್ಲಿ ನಿಂತು ಬೆಳಗಿನ ಮಾತು ಕೇಳುತ್ತಿದ್ದವನು ನಾನು, ಆದರೆ ನಾನು ಊರಲ್ಲಿ ಇಲ್ಲದ ವಾರಗಳಲ್ಲಿ ಒಂದು ಫೋನ್ ಮಾಡುವುದು ಯಾರ ಕೆಲಸವೂ ಆಗಿರಲಿಲ್ಲ. ತಡವಾದದ್ದನ್ನು ತಡೆದುಕೊಂಡೇನು, ಪ್ಯಾರಿಸ್‌ನ ಹಳೆ ಚರ್ಚ್ ನೋತ್ರ್ ದಾಮ್ 2019ರ ಏಪ್ರಿಲ್ 15ರಂದು ಸುಟ್ಟು, ಸುಮಾರು 250 ಕಂಪನಿಗಳ ಕೈಯಲ್ಲಿ ಸರಿಯಾಗಿ, 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು ಅಂತ ಸಮಾಧಾನ ಮಾಡಿಕೊಳ್ಳಬಹುದು. ಹೇಳದೆ ಇದ್ದದ್ದನ್ನು ತಡೆದುಕೊಳ್ಳುವುದು ಕಷ್ಟ.

ನಿಮಗೆ ಮನೆ ಹೊಸದರ ಹಾಗೆ ಫಳಫಳ ಕಾಣಬೇಕಿದ್ದರೆ ಇಂಥವರ ಹತ್ತಿರ ಹೋಗಬೇಡಿ. ಬಡಗಿ ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಹೊಸ ಮರ ಬೆಸೆದಿದ್ದಾನೆ, ಬೆಸುಗೆ ಕಣ್ಣಿಗೆ ಕಾಣುತ್ತದೆ. ಕಲ್ಲಿನ ತೇಪೆಯೂ ಹತ್ತಿರ ಹೋದರೆ ಗೊತ್ತಾಗುತ್ತದೆ. ತಾರೀಖು ಕೊಟ್ಟು ಕೂತವರಿಗೂ ಇದು ಆಗಿಬರುವುದಿಲ್ಲ. ಮೊದಲ ಭೇಟಿಗೆ ಎಷ್ಟು ಜನ ಬರುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಎದುರು ಮಾತಾಡುತ್ತಾರಾ ನೋಡಿ. ಹೊರಗಿನವರಿಗೆ ಕೊಡುವ ಕೆಲಸ ಯಾವುದು, ನಿಮಗೆ ವಾರಕ್ಕೊಮ್ಮೆ ಫೋನ್ ಮಾಡುವವರು ಯಾರು ಅಂತ ಕಾಗದದಲ್ಲೇ ಬರೆಸಿಕೊಳ್ಳಿ. ಐದಕ್ಕೆ ನಾಲ್ಕು ಕೊಡುತ್ತೇನೆ.

ಆ ಒಂದು ಅಂಕ ಹೋದದ್ದು ಮಳೆನೀರಿನ ಪೈಪಿಗೆ. ಹಿಂದಿನ ಮೂಲೆಯಲ್ಲಿ ಸೂರಿನಿಂದ ಇಳಿಯುವ ಪೈಪು ಒಂದು ಗೇಣು ಮೇಲೇ ನಿಂತು, ನೀರನ್ನು ನೇರ ಗೋಡೆಯ ಬುಡಕ್ಕೆ ಉಗಿಯುತ್ತಿದೆ. ಸೂರಿನವರನ್ನು ಕೇಳಿದರೆ ನಮ್ಮ ಕೆಲಸ ಮೇಲಿನವರೆಗೆ ಅಂದರು. ಪ್ಲಂಬರ್ ನಮ್ಮದು ನೆಲದಡಿಯ ಪೈಪು ಅಂದ. ಮೇಸ್ತ್ರಿಗೆ ಪೈಪು ಬರುವುದಿಲ್ಲ. ಅಷ್ಟೆಲ್ಲ ಚೀಟಿ ಬರೆದವರು ಆ ಒಂದು ಗೇಣಿಗೆ ಚೀಟಿ ಬರೆದಿಲ್ಲ. ಕೆಲಸ ಮುಗಿದು ನಾಲ್ಕು ತಿಂಗಳಾಯಿತು, ಮುಂದಿನ ವಾರ ಬರುತ್ತೇವೆ ಅಂದಿದ್ದಾರೆ, ಸದ್ಯಕ್ಕೆ ಒಂದು ಬಕೆಟ್ ಇಟ್ಟಿದ್ದೇನೆ.