ಹಳೇ ಮಾರುತಿಯ ಬ್ಯಾಟ್ರಿ ಕುಡಿಯುತ್ತಿದ್ದದ್ದು ಯಾರು? ಹಳದಿ ಮೀಟರಿನ ಜೊತೆ ಎರಡು ಮಳೆಗಾಲ

ಡಿಟಿ-830 ಅಂತ ಎಲ್ಲ ಕಡೆ ಸಿಗುವ, ವೋಲ್ಟು-ಕರೆಂಟು ಅಳೆಯುವ ಹಳದಿ ಮಲ್ಟಿಮೀಟರು ಇದು. ನನ್ನದಕ್ಕೆ ಕಂಪನಿಯ ಹೆಸರೂ ಇಲ್ಲ. ಕುಮಟಾ ಪೇಟೆಯಲ್ಲಿ ಮುನ್ನೂರು ರೂಪಾಯಿ ಆಸುಪಾಸಿಗೆ ತಂದೆ. ಏನೇನು ಅಳೆಯುತ್ತದೆ ಅನ್ನುವುದು ಡಬ್ಬಿಯ ಮೇಲೇ ಇದೆ, ಓದಿಕೊಳ್ಳಿ.

ತಂದದ್ದು ಮನೆಯ 2005ರ ಮಾರುತಿ 800ಕ್ಕಾಗಿ. ಗಾಡಿ ದಿನಾ ಓಡಿದರೆ ಏನೂ ತೊಂದರೆ ಇಲ್ಲ. ಮೂರು ದಿನ ನಿಂತರೆ ಸೆಲ್ಫ್ ನರಳುತ್ತದೆ, ನಾಲ್ಕನೇ ದಿನ ಅಂಗಳದಿಂದ ತಳ್ಳಬೇಕು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಬ್ಯಾಟ್ರಿ ಹೋಯ್ತು ಭಟ್ರೆ, ಹೊಸ್ತು ಹಾಕಿ." ಹೊಸತು ಹಾಕಿಯೂ ಆಗಿತ್ತು. ಗಾಡಿಯ ಸೀಸ-ಆಸಿಡ್ ಬ್ಯಾಟ್ರಿ ಪದೇ ಪದೇ ತಳ ಕಂಡರೆ ಬಾಳುವುದಿಲ್ಲ, ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಮೂರನೆಯದಕ್ಕೆ ದುಡ್ಡು ಸುರಿಯುವ ಮನಸ್ಸಿರಲಿಲ್ಲ.

ಮೀಟರು ಬಂದ ಮೇಲೆ ನನಗೊಂದು ಚಟವೇ ಹತ್ತಿತು. ಬೆಳಿಗ್ಗೆ ದೋಸೆಗೆ ಕೂರುವ ಮೊದಲು ಬಾನೆಟ್ ಎತ್ತುವುದು, ಗುಂಡಿಯನ್ನು 20 ವೋಲ್ಟಿಗೆ ತಿರುಗಿಸುವುದು, ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ. ಬಂದ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡುವುದು. ಆಯಿ ಬೈದಳು: "ತಮಾ, ನಿನ್ ಲೆಕ್ಕ ಹಾಲಿನ ಲೆಕ್ಕಕ್ಕೆ ಸೇರ್ಸಡ." ರಾತ್ರಿಯಿಡೀ ನಿಂತ ತುಂಬಿದ ಬ್ಯಾಟ್ರಿ 12.6 ತೋರಿಸಬೇಕು, 12.2 ಅಂದರೆ ಅರ್ಧ ಖಾಲಿ. ನನ್ನ ಕ್ಯಾಲೆಂಡರಿನಲ್ಲಿ ಮೂರನೇ ಬೆಳಿಗ್ಗೆ 12.0. ಎಂಜಿನ್ ಓಡುವಾಗ ಮಾತ್ರ 14.1, ಅಂದರೆ ಚಾರ್ಜಿಂಗ್ ಸರಿಯಿದೆ. ನಿಂತ ಗಾಡಿಯಲ್ಲೇ ಏನೋ ಕುಡಿಯುತ್ತಿದೆ.

ಎಷ್ಟು ಕುಡಿಯುತ್ತಿದೆ ಅಂತ ನೋಡಲು ಮೀಟರನ್ನು ಬ್ಯಾಟ್ರಿಗೂ ಗಾಡಿಗೂ ನಡುವೆ ಕೂರಿಸಬೇಕು. 10 ನಂಬರ್ ಸ್ಪಾನರಿನಿಂದ ಮೈನಸ್ ಟರ್ಮಿನಲ್ ಬಿಚ್ಚಿ, ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಗುಂಡಿಯನ್ನೂ 10 ಆಂಪಿಯರಿಗೆ ತಿರುಗಿಸಿ, ಒಂದು ಕಡ್ಡಿ ವಯರಿಗೆ, ಇನ್ನೊಂದು ಬ್ಯಾಟ್ರಿಯ ಮೈನಸ್ಸಿಗೆ. ಬಾಗಿಲೆಲ್ಲ ಮುಚ್ಚಿರಲಿ, ಇಲ್ಲದಿದ್ದರೆ ಒಳಗಿನ ದೀಪವನ್ನೇ ಅಳೆಯುತ್ತೀರಿ. ಕೀ ಮಾತ್ರ ಮುಟ್ಟಲೇಬೇಡಿ. ಸೆಲ್ಫ್ ನೂರು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ, ಈ ಮೀಟರಿನ 10 ಆಂಪಿಯರ್ ತೂತಿಗೆ ಫ್ಯೂಸೇ ಇಲ್ಲ. ಬಂದದ್ದು 0.32 ಆಂಪಿಯರ್. ಇಷ್ಟು ಹಳೇ ಗಾಡಿಗೆ 0.05ರ ಒಳಗಿರಬೇಕು. 0.32 ಅಂದರೆ ದಿನಕ್ಕೆ ಏಳೂವರೆ ಆಂಪಿಯರ್-ಅವರ್ (ಬ್ಯಾಟ್ರಿಯಲ್ಲಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಮಾಯ, ನಮ್ಮ ಬ್ಯಾಟ್ರಿ ಇರುವುದೇ 35ರದ್ದು.

ಎಲ್ಲರ ಅನುಮಾನ ಸ್ಟೀರಿಯೋದ ಮೇಲೆ. ಇಲ್ಲಿ ಈ ಮೀಟರು ನನ್ನ ಮನಸ್ಸು ಗೆದ್ದಿತು. ಒಂದೊಂದೇ ಫ್ಯೂಸ್ ಕೀಳುವ ಕೆಲಸವೇ ಇಲ್ಲ. ಮೈನಸ್ ಟರ್ಮಿನಲ್ ಮತ್ತೆ ಹಾಕಿ, ಕೆಂಪು ಕಡ್ಡಿಯನ್ನು ಮೊದಲಿನ ವೋಲ್ಟ್ ತೂತಿಗೇ ಮರಳಿಸಿ, ಗುಂಡಿಯನ್ನು 200 ಮಿಲಿವೋಲ್ಟಿಗೆ ತಿರುಗಿಸಿ, ಫ್ಯೂಸಿನ ಬೆನ್ನಿನ ಎರಡು ಲೋಹದ ಚುಕ್ಕಿಗಳಿಗೆ ಕಡ್ಡಿ ಮುಟ್ಟಿಸಿದರೆ ಸಾಕು. 10 ಆಂಪಿಯರ್ ಫ್ಯೂಸಿನಲ್ಲಿ 1 ಮಿಲಿವೋಲ್ಟ್ ಬಂದರೆ ಸುಮಾರು 130 ಮಿಲಿಆಂಪಿಯರ್ ಹರಿಯುತ್ತಿದೆ ಅಂತ ಲೆಕ್ಕ. ಸ್ಟೀರಿಯೋ ಫ್ಯೂಸಿನಲ್ಲಿ 0.1, 0.2 ಅಂತ ಮಿಣುಕಿತು, ಸ್ಟೇಷನ್ ನೆನಪಿಟ್ಟುಕೊಳ್ಳಲು ಅದಕ್ಕೆ ಅಷ್ಟು ಬೇಕು. ಉಳಿದ ಫ್ಯೂಸುಗಳೆಲ್ಲ ಸೊನ್ನೆ. ಹಾಗಾದರೆ ಮಿಕ್ಕ 0.3 ಎಲ್ಲಿ?

ಒಳಗಿನ ಫ್ಯೂಸ್ ಬಾಕ್ಸಿಗೆ ಬಾರದೆ ಬ್ಯಾಟ್ರಿಯ ಕಡೆಗೇ ಹೋಗುವ ದಪ್ಪ ವಯರು ಡೈನಮೋದ್ದು, ಪುಸ್ತಕದಲ್ಲಿ ಆಲ್ಟರ್ನೇಟರ್ ಅನ್ನುತ್ತಾರಲ್ಲ, ಅದೇ. ಬ್ಯಾಟ್ರಿ ಮೈನಸ್ ಬಿಚ್ಚಿ, ಡೈನಮೋದ ಹಿಂದಿನ ನಟ್ಟು ಸಡಿಲಿಸಿ ವಯರು ತೆಗೆದು, ತುದಿಗೆ ಟೇಪು ಸುತ್ತಿ ಮತ್ತೆ ಅಳೆದೆ: 0.02. ರಿಪೇರಿಯವ ಬಿಚ್ಚಿ ತೋರಿಸಿದಾಗ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಡಯೋಡುಗಳಿರುವ ರೆಕ್ಟಿಫೈಯರ್ ಪ್ಲೇಟಿನ ಮೇಲೆ ಹಸಿರು-ಬಿಳಿ ಹುಡಿ. ಕಡಲಿನಿಂದ ಇಷ್ಟು ಹತ್ತಿರ ಇದ್ದರೆ ಗಾಡಿಯ ತಗಡಿಗೆ ಮಾತ್ರವಲ್ಲ, ಇದಕ್ಕೂ ಉಪ್ಪುಗಾಳಿ ತಾಗುತ್ತದೆ. ಹಗಲು ಚಾರ್ಜು ಕೊಡುವುದೂ ಅದೇ, ರಾತ್ರಿ ಕುಡಿಯುವುದೂ ಅದೇ! ಪ್ಲೇಟು ಬದಲಾಯಿಸಲು ಹೊಸ ಬ್ಯಾಟ್ರಿಯ ಅರ್ಧ ದುಡ್ಡೂ ಆಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಆದರೆ ಈ ಮೀಟರಿಗೆ ತಾನಾಗಿ ಆಫ್ ಆಗುವ ಬುದ್ಧಿ ಇಲ್ಲ, ಗುಂಡಿ ತಿರುಗಿಸದಿದ್ದರೆ ಅದರ ಒಳಗಿನ 9 ವೋಲ್ಟ್ ಬ್ಯಾಟ್ರಿ ಖಾಲಿ. ಸೋರಿಕೆ ಹುಡುಕುವ ಯಂತ್ರಕ್ಕೇ ಸೋರಿಕೆ. ಖಾಲಿಯಾಗಿ ಸುಮ್ಮನಿದ್ದರೂ ಪರವಾಗಿರಲಿಲ್ಲ, ಸುಳ್ಳು ಹೇಳುತ್ತದೆ. ಒಳಗಿನ ಬ್ಯಾಟ್ರಿ ಇಳಿದಷ್ಟೂ ತೋರಿಸುವ ಅಂಕಿ ಏರುತ್ತದೆ. ಕಳೆದ ಮಳೆಗಾಲದಲ್ಲಿ ಸೆಲ್ಫ್ ಹೊಡೆಯದ ಗಾಡಿಗೆ 12.9 ತೋರಿಸಿತು, ಸೆಲ್ಫ್ ಮೋಟಾರೇ ಕೆಟ್ಟಿದೆ ಅಂತ ಮೆಕ್ಯಾನಿಕ್ಕಿಗೆ ಫೋನು ಹಚ್ಚುವವನಿದ್ದೆ. ಈಗ ಮೊದಲು ಹೊಸ ಪೆನ್ಸಿಲ್ ಸೆಲ್ ಒಂದನ್ನು ಅಳೆಯುತ್ತೇನೆ. 1.6ರ ಹತ್ತಿರ ಬಂದರೆ ನಂಬುತ್ತೇನೆ, 1.8 ಅಂದರೆ ಮೀಟರಿನ ಹೊಟ್ಟೆ ಬಿಚ್ಚುತ್ತೇನೆ. ಕಡ್ಡಿಗಳ ವಯರೂ ಗಡಸು, ಬುಡದಲ್ಲಿ ಒಂದು ಆಗಲೇ ಬಿಟ್ಟಿದೆ.

ಗಾಡಿಗೆ, ಟಾರ್ಚಿಗೆ, ಇನ್ವರ್ಟರ್ ಬ್ಯಾಟ್ರಿಗೆ ಧಾರಾಳವಾಗಿ ಕೊಳ್ಳಿ. ಮನೆಯ 230 ವೋಲ್ಟಿನ ಕರೆಂಟಿಗೆ ಮಾತ್ರ ಇದನ್ನು ನಾನು ಮುಟ್ಟಿಸುವುದಿಲ್ಲ, ನೀವೂ ಮುಟ್ಟಿಸಬೇಡಿ. ಟರ್ಮಿನಲ್ ಬಿಚ್ಚುವ ರಗಳೆಯೇ ಬೇಡ ಅನ್ನುವವರಿಗೆ ವಯರಿಗೆ ಸುಮ್ಮನೆ ಕಚ್ಚಿಸುವ ಕ್ಲಾಂಪ್ ಮೀಟರು ಇದೆ. ಆದರೆ ಅಗ್ಗದ ಕ್ಲಾಂಪುಗಳಲ್ಲಿ ಹೆಚ್ಚಿನವು ಮನೆಯಲ್ಲಿ ಬರುವಂಥ ಎಸಿ ಕರೆಂಟ್ ಮಾತ್ರ ಅಳೆಯುತ್ತವೆ, ಬ್ಯಾಟ್ರಿಯದು ಡಿಸಿ, ಹಾಗಾಗಿ ಗಾಡಿಗೆ ಉಪಯೋಗವಿಲ್ಲ. ಡಿಸಿ ಆಂಪಿಯರ್ ಇದೆಯಾ ಅಂತ ಕೇಳಿಯೇ ತಗೊಳ್ಳಿ. ಅಂಥದ್ದಕ್ಕೆ ಸಾವಿರಗಳ ಲೆಕ್ಕ, ನಮ್ಮ 800ಕ್ಕೆ ಅಷ್ಟು ಮರ್ಯಾದೆ ಸದ್ಯಕ್ಕೆ ಬೇಡ.