ಆರೋಗ್ಯ ಸಂಜೀವನಿ ಪಾಲಿಸಿ: 225 ಕಿಲೋಮೀಟರಿಗೂ ಅದೇ 2,000

ನಾನು ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಒಂದು ದಾಲ್ ಮಿಲ್ಲಿನ ಲೆಕ್ಕ ಬರೆಯುತ್ತೇನೆ. ಅಪ್ಪನಿಗೆ ಆರೋಗ್ಯ ಸಂಜೀವನಿ ಅನ್ನುವ ಆರೋಗ್ಯ ವಿಮೆ ಪಾಲಿಸಿ ಮಾಡಿಸಿದ್ದು 2020ರಲ್ಲಿ, ಅದು ಶುರುವಾದ ವರ್ಷವೇ. ಯಾವ ಕಂಪನಿಯಲ್ಲಿ ತಗೊಂಡರೂ ಷರತ್ತು ಒಂದೇ, ಅದಕ್ಕೇ ಇಷ್ಟವಾಗಿತ್ತು. ಈ ಜನವರಿಯಲ್ಲಿ ಮೊದಲ ಸಲ ಅದರ ಅಗತ್ಯ ಬಿತ್ತು.

ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದು ಅಪ್ಪನ ತಲೆಗೆ ಪೆಟ್ಟಾಯಿತು. 108ಕ್ಕೆ ಫೋನ್ ಮಾಡಿದೆವು. ಬಂದರು, ಇಲ್ಲಿನ ಆಸ್ಪತ್ರೆಗೆ ಮುಟ್ಟಿಸಿದರು, ಒಂದು ರೂಪಾಯಿ ಕೇಳಲಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರು ಹೈದರಾಬಾದಿಗೆ ಒಯ್ಯಿರಿ ಅಂದರು. ಅಲ್ಲಿಂದ ಮುಂದೆ ಖಾಸಗಿ ಆಂಬುಲೆನ್ಸೇ ಗತಿ.

ಮೊದಲು ಫೋನಿಗೆ ಸಿಕ್ಕವನು 14,000 ಹೇಳಿದ, ಟೋಲ್ ಬೇರೆ ಅಂದ. ಹೆದ್ದಾರಿಯಲ್ಲಿ ಆಂಬುಲೆನ್ಸಿಗೆ ಟೋಲೇ ಇಲ್ಲ, ಅಲ್ವಾ? ಅವನನ್ನು ಬಿಟ್ಟೆ. ಎರಡನೆಯವರು ಲೆಕ್ಕ ಬಿಡಿಸಿ ಹೇಳಿದರು: ಕಿಲೋಮೀಟರಿಗೆ 18 ರೂಪಾಯಿ, ಹೋಗಿ ಬರುವ ದೂರ ಎರಡೂ ಸೇರಿ, ಆಕ್ಸಿಜನ್ ಮತ್ತು ಜೊತೆಗೆ ಬರುವ ಹುಡುಗನಿಗೆ 1,500.

ಸೇಡಂ ಮೇಲಿಂದ ಹೋಗೋಣವಾ ಅಂತ ನಾನೇ ಕೇಳಿದೆ. "ಅಕ್ಕಾರ, ಅಪ್ಪಾರಿಗೆ ಕುಲುಕಬಾರದ್ರಿ. ಹುಮನಾಬಾದ್ ಮ್ಯಾಲೆ ಹೋಗೋಣು" ಅಂದ ಡ್ರೈವರ್. ಜಹೀರಾಬಾದ್ ದಾಟಿದ ಮೇಲೆ ಸ್ಟ್ರೆಚರಿನ ಬೆಲ್ಟ್ ಸಡಿಲಾಯಿತು. ತಕ್ಷಣ ಗಾಡಿ ಬದಿಗೆ ನಿಲ್ಲಿಸಿ ಹಿಂದೆ ಬಂದ. ಬೆಲ್ಟ್ ಬಿಗಿದ, ಬಕಲ್ ಅಪ್ಪನ ಪಕ್ಕೆಗೆ ಒತ್ತದ ಹಾಗೆ ತನ್ನ ಚಾದರ ಮಡಿಚಿ ನಡುವೆ ಇಟ್ಟ. ಅದನ್ನು ಯಾವ ಬಿಲ್ಲಿನಲ್ಲೂ ಬರೆಯಲಿಲ್ಲ. ಈ ಸೇವೆಗೆ ಐದಕ್ಕೆ ಐದು ಕೊಡುತ್ತೇನೆ.

ಒಟ್ಟು 450 ಕಿಲೋಮೀಟರಿಗೆ 8,100, ಮೇಲೆ 1,500. ಅಂದರೆ 9,600.

ಆಸ್ಪತ್ರೆ ಬಿಲ್ಲಿನ ವಿಷಯದಲ್ಲಿ ಪಾಲಿಸಿ ಮೇಲೆ ನನ್ನ ತಕರಾರಿಲ್ಲ. ಆದರೆ ಆಂಬುಲೆನ್ಸಿಗೆ ಒಂದು ಸಲದ ಅಡ್ಮಿಷನ್ನಿಗೆ ಹೆಚ್ಚೆಂದರೆ 2,000. ಅದರಲ್ಲೂ 5 ಪರ್ಸೆಂಟ್ ನಮ್ಮ ಪಾಲು. ಕೈಗೆ ಬಂದದ್ದು 1,900. ಉಳಿದ 7,700 ನನ್ನ ಸಂಬಳದಿಂದ.

ಬೆಂಗಳೂರಿನಲ್ಲಿ ಐದು ಕಿಲೋಮೀಟರಿಗೇ ದೊಡ್ಡಾಸ್ಪತ್ರೆ ಇರುವವರಿಗೂ 2,000, ಪಕ್ಕದ ರಾಜ್ಯಕ್ಕೆ ಓಡುವ ನಮಗೂ 2,000. ಅಮೆರಿಕದಲ್ಲಿ ಬಡವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್‌ನಲ್ಲಿ ಆಂಬುಲೆನ್ಸ್ ದರ ಒಂದೊಂದು ರಾಜ್ಯಕ್ಕೆ ಒಂದೊಂದು. ಆದರೂ ಸಾಮಾನ್ಯವಾಗಿ ಒಂದು ಮೂಲ ದರ, ಅದರ ಮೇಲೆ ಮೈಲಿಗೆ ಇಷ್ಟು ಅಂತ ಕೊಡುತ್ತಾರೆ. ನಮ್ಮ ಗಂಜಿನಲ್ಲೂ ದೂರ ಕೇಳದೆ ಯಾರೂ ಲಾರಿ ಬಾಡಿಗೆ ಹೇಳುವುದಿಲ್ಲ. ತೊಗರಿಬೇಳೆ ಚೀಲಕ್ಕೆ ಇರುವ ಲೆಕ್ಕ ರೋಗಿಗೂ ಇರಬೇಕು. ಕಲಬುರಗಿ, ಬೀದರ, ಯಾದಗಿರಿಯ ಎಷ್ಟು ಮಂದಿ ಹೈದರಾಬಾದ್, ಸೊಲ್ಲಾಪುರಕ್ಕೆ ಓಡುತ್ತಾರೆ! ಈ ಒಂದು ಕಾರಣಕ್ಕೆ ಪಾಲಿಸಿಗೆ ನನ್ನ ಕಡೆಯಿಂದ ಮೂರೇ ಸ್ಟಾರ್.

ಪಾಲಿಸಿ ಇರುವವರು ಒಂದು ಕೆಲಸ ಮಾಡಿ. ಗಾಡಿ ಇಳಿಯುವ ಮೊದಲೇ ಬಿಲ್ ಕೇಳಿ. ರೋಗಿಯ ಹೆಸರು, ತಾರೀಖು, ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ, ಎಲ್ಲಾ ಬರೆಸಿ, ಸಹಿ ಹಾಕಿಸಿ. ಡಿಸ್ಚಾರ್ಜ್ ಆಗಿ 30 ದಿನದೊಳಗೆ ಆ ಕಾಗದ ಕೊಡಬೇಕು. ನಮ್ಮ ಡ್ರೈವರ್ ಹತ್ತಿರ ಬಿಲ್ ಬುಕ್ ಇತ್ತು. ಆಸ್ಪತ್ರೆ ಬಾಗಿಲಲ್ಲಿ, ಬಾನೆಟ್ ಮೇಲೆ ಇಟ್ಟುಕೊಂಡು, ಅಪ್ಪನ ಹೆಸರನ್ನು ಎರಡು ಸಲ ಕೇಳಿ ತಪ್ಪಿಲ್ಲದೆ ಬರೆದುಕೊಟ್ಟ.